ನಿರುಪದ್ರವಿ ರಾಯಭಾರಿ

ಈಗ ಸಿಟ್ಟಾಗುತ್ತಾನೆ, ಈಗ ಕಾಗದ ಎಸೆದು ಹೊರಗೆ ನಡೆ ಎನ್ನುತ್ತಾನೆ ಎಂದು ಉಷಾರಾಣಿ ಕಾದಳು. ಮನ್ಸೂರ್ ತಲ್ಬಿ ಸುಮ್ಮನೆ ಪುಟ ತಿರುವಿದ. ಆ ಮೂವತ್ತನಾಲ್ಕು ಪುಟಗಳ ಅಧ್ಯಾಯದಲ್ಲಿ ಅವಳು ಅವನನ್ನು ಸಭ್ಯವಾದ ಇಂಗ್ಲಿಷಿನಲ್ಲಿ, ಅಡಿಟಿಪ್ಪಣಿಗಳ ಸಮೇತ, ಹೇಡಿ ಎಂದು ಕರೆದಿದ್ದಳು.

‘ಒಂದು ತಪ್ಪಿದೆ,’ ಎಂದ ಕೊನೆಗೆ. ‘ಜಿನೀವಾದಲ್ಲಿ ಮತದಾನದ ಹೊತ್ತಿಗೆ ನಾನು ಸಭೆಯಿಂದ ಎದ್ದು ಹೋದೆ ಎಂದು ಬರೆದಿದ್ದೀರಿ. ಎದ್ದು ಹೋಗುವುದಕ್ಕೂ ಧೈರ್ಯ ಬೇಕು. ನಾನು ಮೊದಲೇ ಶೌಚಾಲಯದ ಬಾಗಿಲು ಹಾಕಿಕೊಂಡು ಕೂತಿದ್ದೆ.’

ಅವಳು ತಿದ್ದಿಕೊಂಡಳು. ಇಂಥವನಿಗಾಗಿ ಆಸ್ಟಿನ್‌ನಿಂದ ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ವರೆಗೆ ಪ್ರತಿ ಶನಿವಾರ ಮೂರು ಗಂಟೆ ಡ್ರೈವ್ ಮಾಡಬೇಕಲ್ಲ ಎಂದು ಮೈ ಉರಿಯಿತು.

ಅದು ೨೦೦೪. ಧಾರವಾಡದ ಉಷಾರಾಣಿಯ ಪಿಎಚ್‌.ಡಿ. ಉತ್ತರ ಆಫ್ರಿಕದ ಒಂದು ದೇಶದ ರಾಜತಾಂತ್ರಿಕರ ಮೇಲೆ. ಆ ದೇಶದ ದಾಖಲೆಗಳಿಗೆ ಬೀಗ. ಬಾಯಿಬಿಡಬಹುದಾದವರೆಲ್ಲ ಜೈಲಿನಲ್ಲೋ ಗೋರಿಯಲ್ಲೋ. ಸಿಕ್ಕಿದವನು ತಲ್ಬಿ ಒಬ್ಬನೇ. ನಾಲ್ಕು ರಾಜಧಾನಿಗಳಲ್ಲಿ ರಾಯಭಾರಿಯಾಗಿದ್ದು, ಈಗ ಒಂದು ತೈಲ ಕಂಪನಿಗೆ ಸಲಹೆಗಾರ. ಕೇಳಿದ್ದೆಲ್ಲ ಹೇಳಿದ, ಕೇಳದ್ದನ್ನೂ ಹೇಳಿದ. ಜೊತೆಗೇ ಓದಿದ ಗೆಳೆಯ ಆಗ ವಿದೇಶಾಂಗ ಮಂತ್ರಿಯಾಗಿದ್ದ; ಅವನ ಬಂಧನವಾದ ಸಂಜೆಯೇ ಆ ಜಾಗಕ್ಕೆ ಬಂದವನಿಗೆ ತಲ್ಬಿ ಅಭಿನಂದನೆಯ ತಂತಿ ಕಳಿಸಿದ್ದ. ಅಧ್ಯಕ್ಷರು ತನ್ನನ್ನು ಎರಡು ವರ್ಷ ಬೇರೆ ಯಾರದೋ ಹೆಸರಿನಿಂದ ಕರೆದಾಗ ಆ ಹೆಸರಿಗೇ ಓಗೊಟ್ಟಿದ್ದ.

‘ಇದೆಲ್ಲಾ ನಿಜಾನಾ?’ ಅಂದಳು ರೂಮ್‌ಮೇಟ್ ಪ್ರಗತಿ, ಕರಡು ಓದಿ. ಅವಳು ಮೈಸೂರಿನವಳು. ‘ಬೇರೆ ಯಾರನ್ನಾದ್ರೂ ಕೇಳಿ ಚೆಕ್ ಮಾಡಿದ್ಯಾ?’

‘ತನ್ನ ಮಾನಾ ತಾನ ಕಳಕೊಳ್ಳೋ ಸುಳ್ಳು ಯಾರರ ಹೇಳ್ತಾರೇನು?’

‘ಇಷ್ಟು ಬೈದ್ರೂ ಕೋಪ ಬರಲ್ವಾ ಆ ಅಂಕಲ್‌ಗೆ?’

‘ಸಿಟ್ಟು ಬರಾಕ ಮೊದಲ ಮೈಯಾಗ ರಕ್ತ ಇರಬೇಕಲ್ಲ!’

ಅಧ್ಯಾಯವನ್ನು ಎಲ್ಲಿಯಾದರೂ ಪ್ರಕಟಿಸಿ ಎಂದವನೂ ತಲ್ಬಿಯೇ. ಪ್ಯಾರಿಸ್ಸಿನ ಒಂದು ತ್ರೈಮಾಸಿಕದ ಸಂಪಾದಕರು ಅವನಿಗೆ ಪರಿಚಿತರು. ಫ್ರೆಂಚ್ ಅನುವಾದವನ್ನೂ ಅವನೇ ಮಾಡಿಸಿಕೊಟ್ಟ. ತನ್ನ ಅವಮಾನಕ್ಕೆ ತಾನೇ ಓಡಾಡುವ ಮನುಷ್ಯನನ್ನು ಉಷಾರಾಣಿ ಕಂಡಿರಲಿಲ್ಲ. ಹೆಸರು ಅಚ್ಚಾದರೆ ಸಾಕು ಎನ್ನುವ ಜಾತಿ ಇರಬೇಕು ಎಂದುಕೊಂಡಳು. ಲೇಖನ ಬಂತು, ಗೈಡ್ ಬೆನ್ನು ತಟ್ಟಿದರು. ಅವಳಿಗೆ ಡಲ್ಲಾಸ್‌ನ ಒಂದು ವಿಚಾರಸಂಕಿರಣಕ್ಕೆ ಕರೆ ಬಂತು. ಅಲ್ಲಿ ಅವಳು ತಲ್ಬಿಯ ಶೌಚಾಲಯದ ಪ್ರಸಂಗ ಹೇಳಿ ಇಡೀ ಸಭೆಯನ್ನು ನಗಿಸಿದಳು.

ಮುಂದಿನ ವಸಂತದಲ್ಲಿ ಆ ದೇಶದ ಅಧ್ಯಕ್ಷರು ತಮ್ಮ ಪ್ರಧಾನಿಯನ್ನು ಮನೆಗೆ ಕಳಿಸಿದರು. ಹೊಸ ಪ್ರಧಾನಿಯ ಹೆಸರು ಓದಿ ಉಷಾರಾಣಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಮನ್ಸೂರ್ ತಲ್ಬಿ!

ಹೊರಡುವ ಮುನ್ನ ಹ್ಯೂಸ್ಟನ್‌ನ ಹೋಟೆಲೊಂದರಲ್ಲಿ ಅವನಿಗೆ ಮಧ್ಯಾಹ್ನದ ಔತಣ. ಅವಳಿಗೂ ಆಹ್ವಾನ. ತೈಲ ಕಂಪನಿಗಳ ದೊಡ್ಡವರು ಸಾಲುಗಟ್ಟಿ ಕೈಕುಲುಕುತ್ತಿದ್ದರು. ತನ್ನ ಸರದಿ ಬಂದಾಗ ಉಷಾರಾಣಿಗೆ ತಡೆಯಲಾಗಲಿಲ್ಲ.

‘ಬೇಜಾರು ಮಾಡಿಕೊಳ್ಳಬೇಡಿ ಸರ್. ಯಾವ ಅರ್ಹತೆ ನೋಡಿ ನಿಮ್ಮನ್ನು ಆರಿಸಿದರು?’

ತಲ್ಬಿ ಅವಳನ್ನು ಸಾಲಿನಿಂದ ಕಿಟಕಿಯ ಬಳಿಗೆ ಕರೆದೊಯ್ದ. ಅವನ ಬೆನ್ನು ಅಷ್ಟು ನೆಟ್ಟಗಿದ್ದುದನ್ನು ಅವಳು ನೋಡಿದ್ದು ಅದೇ ಮೊದಲು.

‘ಹನ್ನೊಂದು ಜನರ ಹೆಸರಿತ್ತು. ಹತ್ತು ಮಂದಿಯನ್ನು ಹೊಗಳುವವರಿದ್ದರು. ಹೊಗಳಿಸಿಕೊಂಡವರನ್ನು ಕಂಡರೆ ನಮ್ಮ ಅಧ್ಯಕ್ಷರಿಗೆ ಭಯ, ಎಲ್ಲಿ ತಮ್ಮ ಕುರ್ಚಿಗೆ ಕೈ ಹಾಕುತ್ತಾರೋ ಎಂದು. ನನ್ನ ಬಗ್ಗೆ ಮಾತ್ರ ಒಂದು ಫ್ರೆಂಚ್ ಲೇಖನ ಓದಿ, ಇವನಿಂದ ಯಾವ ಅಪಾಯವೂ ಇಲ್ಲ ಎಂದು ನಿಶ್ಚಿಂತರಾದರು.’

‘ಅಂದರೆ... ನನ್ನ ಲೇಖನ?’

‘ಹೌದು,’ ಎಂದರು ತಲ್ಬಿಯವರು, ತಲೆಬಾಗಿ. ‘ಅದರಲ್ಲಿ ಒಂದಾದರೂ ನಿಜವೇ ಎಂದು ಅವರೂ ವಿಚಾರಿಸಲಿಲ್ಲ.’