ಮೊದಲ ಸಾಲಿನ ಸೀಟು

ಯಾವುದಕ್ಕಾದರೂ ಸ್ಟಾರ್ ಕೊಡುವ ಅಭ್ಯಾಸ ನಿಮಗಿದ್ದರೆ, ಇದನ್ನೊಮ್ಮೆ ಓದಿಬಿಡಿ…

ಮೈಸೂರಿನ ಶ್ರೀವತ್ಸನ ಕೆಲಸವೇ ವಿಮಾನಗಳಿಗೆ ಅಂಕ ಕೊಡುವುದು.

ಯುರೋಪಿನ ಐದು ಏರ್‌ಲೈನ್‌ಗಳ ಬಿಸಿನೆಸ್ ಕ್ಲಾಸಿನಲ್ಲಿ ಓಡಾಡಿ, ಸೀಟು ಎಷ್ಟು ಅಗಲ, ಊಟ ಹೇಗಿದೆ, ಬೆಲ್ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ… ಎಲ್ಲವನ್ನೂ ಹೋಲಿಸಿ ಕನ್ನಡದಲ್ಲಿ ವಿಡಿಯೊ ಮಾಡುತ್ತಿದ್ದ. ಲಕ್ಷಾಂತರ ಜನ ನೋಡುತ್ತಿದ್ದರು.

ಆ ಬೆಳಿಗ್ಗೆ ಯುರೋಪಿನಿಂದ ಬೆಂಗಳೂರಿಗೆ ಹೊರಟ ವಿಮಾನದಲ್ಲಿ ಯಾವಾಗಿನಂತೆ ಮೊದಲ ಸಾಲಿನಲ್ಲಿ ಕೂತಿದ್ದ. ಹೋದ ವರ್ಷ ಐದರಲ್ಲಿ ಇದೇ ಏರ್‌ಲೈನಿಗೆ ಅತಿ ಹೆಚ್ಚು ಅಂಕ ಕೊಟ್ಟಿದ್ದ. ಈಗಲೂ ಹಾಗೇ ಇದೆಯೇ ಎಂದು ನೋಡಬೇಕಿತ್ತು.

ಬಾಗಿಲು ಹಾಕುವ ಮೊದಲು ಗಗನಸಖಿಯೊಬ್ಬರು ಬಂದು ಬಗ್ಗಿದರು. ಐವತ್ತು ದಾಟಿದ ಹೆಂಗಸು, ಹೆಸರು ಮಾರ್ಗಿಟ್.

“ಸರ್, ಮೂರನೇ ಸಾಲಿನಲ್ಲಿ ಒಬ್ಬರಿಗೆ ಮಂಡಿ ಆಪರೇಷನ್ ಆಗಿದೆ. ಕಾಲು ಮಡಚುವ ಹಾಗಿಲ್ಲ. ಈ ಸಾಲಿನಲ್ಲಿ ಮಾತ್ರ ಕಾಲಿಗೆ ಜಾಗ ಜಾಸ್ತಿ. ದಯವಿಟ್ಟು ಸೀಟು ಬದಲಾಯಿಸಿಕೊಳ್ತೀರಾ?”

ಆ ಸಾಲಿನಲ್ಲಿ ಇನ್ನಿದ್ದವರು ಕೈಗೂಸಿನ ತಾಯಿ ಮತ್ತು ವಯಸ್ಸಾದ ದಂಪತಿ. ಕೇಳಬಹುದಾಗಿದ್ದದ್ದು ಇವನೊಬ್ಬನನ್ನೇ.

“ಸಾರಿ. ಎರಡು ತಿಂಗಳ ಹಿಂದೆಯೇ ಈ ಸೀಟು ಬುಕ್ ಮಾಡಿದ್ದೇನೆ. ಕ್ಯಾಮೆರಾ ಎಲ್ಲ ಇಲ್ಲೇ ಫಿಟ್ ಮಾಡಿಯಾಗಿದೆ,” ಎಂದ.

“ಪರವಾಗಿಲ್ಲ ಸರ್,” ಎಂದು ಆಕೆ ಹೊರಟುಹೋದರು.

ವಿಮಾನ ಮೇಲೇರಿತು…

ಒಂದು ಗಂಟೆ ಕಳೆದರೂ ಸೂಪ್ ಬರಲಿಲ್ಲ. ಬೆಲ್ ಒತ್ತಿದ. ಯಾರೂ ಬರಲಿಲ್ಲ. ಮತ್ತೆ ಒತ್ತಿದ. ಸಿಟ್ಟಿನಿಂದ ಮೊಬೈಲಿನಲ್ಲಿ ಬರೆದುಕೊಂಡ… ಸರ್ವಿಸ್, ಹತ್ತಕ್ಕೆ ಮೂರು.

ಅಷ್ಟರಲ್ಲಿ ಸ್ಪೀಕರಿನಲ್ಲಿ ಕೇಳಿಬಂತು. “ಪ್ರಯಾಣಿಕರಲ್ಲಿ ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ.”

ಶ್ರೀವತ್ಸ ಎದ್ದು ಹಿಂತಿರುಗಿ ನೋಡಿದ.

ಮೂರನೇ ಸಾಲಿನ ಪಕ್ಕ ಮಾರ್ಗಿಟ್ ನೆಲದ ಮೇಲೆ ಕೂತಿದ್ದರು. ಸೀರೆಯುಟ್ಟ ಅರವತ್ತೈದರ ಹೆಂಗಸೊಬ್ಬರ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಸೀಟಿನ ಮುಂದೆ ಪಾದ ತೂರಿಸುವ ಗೂಡು ತೀರಾ ಕಿರಿದು. ಮಂಡಿ ಮಡಚದಂತೆ ಉದ್ದನೆಯ ಬೆಲ್ಟು ಕಟ್ಟಿದ ಆ ಕಾಲು ಅದರೊಳಗೆ ಹೋಗುವಂತೆಯೇ ಇರಲಿಲ್ಲ. ಪಾದ ಊದಿತ್ತು… ಬೆರಳುಗಳು ನೀಲಿಗಟ್ಟುತ್ತಿದ್ದವು.

ಹಿಂದಿನ ಕ್ಯಾಬಿನ್‌ನಿಂದ ಯುವ ಡಾಕ್ಟರ್ ಒಬ್ಬರು ಓಡಿಬಂದರು. ಬೆಲ್ಟು ಸಡಿಲಿಸಿ ನೋಡಿ ಹೇಳಿದರು.

“ಕಾಲು ನೇರವಾಗಿ, ಎತ್ತರದಲ್ಲಿ ಇರಬೇಕು. ಅರ್ಧ ಗಂಟೆಯೊಳಗೆ ಈ ಬಣ್ಣ ಹೋಗದಿದ್ದರೆ ವಿಮಾನ ಇಳಿಸಲೇಬೇಕಾಗುತ್ತೆ. ಕ್ಯಾಪ್ಟನ್‌ಗೆ ಹೇಳಿ.”

“ನನ್ನ ಸೀಟು ತಗೊಳ್ಳಿ,” ಎಂದ ಶ್ರೀವತ್ಸ. ಗಡಿಬಿಡಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ.

ಕ್ಯಾಮೆರಾ ಕಿತ್ತು ಜೇಬಿಗೆ ತುರುಕಿಕೊಂಡ. ತಾನೇ ಹೆಗಲು ಕೊಟ್ಟು ಆಕೆಯನ್ನು ಕರೆತಂದ. ಸೀಟು ಹಾಸಿಗೆಯಾಯಿತು. ಪಾದದ ಕೆಳಗೆ ನಾಲ್ಕು ದಿಂಬು…

ಎಲ್ಲರ ಕಣ್ಣೂ ಆ ಐದು ಬೆರಳುಗಳ ಮೇಲೆ.

ಹತ್ತು ನಿಮಿಷ… ಹದಿನೈದು… ಇಪ್ಪತ್ತು…

ಡಾಕ್ಟರ್ ಒಂದೊಂದೇ ಬೆರಳು ಒತ್ತಿ ನೋಡಿದರು. “ರಕ್ತ ಓಡ್ತಿದೆ. ಇಳಿಸೋದು ಬೇಡ.”

ಶ್ರೀವತ್ಸ ಅಲ್ಲೇ ಸೀಟಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

ಆಕೆಯ ಹೆಸರು ನೀಲಗಂಗಾ. ಗದಗಿನ ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆಗಿದ್ದು ರಿಟೈರ್ ಆದವರು. ಟೂರಿಗೆ ಬಂದು ರೈಲ್ವೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಬಿದ್ದಿದ್ದರು. ಜೊತೆಯವರೆಲ್ಲ ಊರಿಗೆ ಮರಳಿ, ಆಪರೇಷನ್ ಆದ ಇವರೊಬ್ಬರೇ ಉಳಿದಿದ್ದರು.

“ನಿನಗ ಭಾಳ ತ್ರಾಸ ಕೊಟ್ಟೆ ತಮ್ಮಾ,” ಎಂದರು.

“ಈ ವಿಮಾನನೇ ಯಾಕೆ ಆರಿಸಿದ್ರಿ ಅಮ್ಮಾ?”

“ಆರಿಸಿದಾಕಿ ನನ್ನ ಮಗಳು. ಹುಬ್ಬಳ್ಳಿಯೊಳಗ ಅದಾಳ. ಅವ್ವನ ಕಾಲಿಗೆ ಎಲ್ಲಿ ಜಾಗ ಐತಿ ಅಂತ ಮೂರು ದಿನ ಕುಂತು ನೋಡಿದ್ಳು. ಯಾರೋ ಕನ್ನಡದ ಹುಡುಗ ಐದು ವಿಮಾನ ಹೋಲಿಸಿ ವಿಡಿಯೊ ಹಾಕ್ಯಾನಂತ… ‘ಕಾಲಿಗೆ ಬೇಕಾದಷ್ಟು ಜಾಗ, ಕಣ್ಣು ಮುಚ್ಚಿ ಬುಕ್ ಮಾಡಿ’ ಅಂತ ಇದಕ್ಕ ಹೇಳ್ಯಾನಂತ. ಅದನ್ನ ನಂಬಿ ತಗೊಂಡ್ಳು.”

ಆ ಮಾತು ಶ್ರೀವತ್ಸನದೇ.

ಐದು ವಿಮಾನಗಳಲ್ಲೂ ಅವನು ಕೂತದ್ದು ಮೊದಲ ಸಾಲಿನಲ್ಲಿ. ಮೂರನೇ ಸಾಲಿನಲ್ಲಿ ಪಾದ ಎಲ್ಲಿಡುತ್ತಾರೆಂದು ಒಮ್ಮೆಯೂ ನೋಡಿರಲಿಲ್ಲ…

“ಅವನ ಮೇಲೆ ಸಿಟ್ಟು ಬರ್ತಿಲ್ವಾ ನಿಮಗೆ?”

ಆಕೆ ದಿಂಬಿನ ಮೇಲಿನ ಕಾಲು ನೋಡಿಕೊಂಡರು. “ಇಲ್ಲಪಾ. ಆ ಹುಡುಗ ಸುಳ್ಳು ಹೇಳಿರಲಿಕ್ಕಿಲ್ಲ… ಅವನ ಕಾಲು ನೆಟ್ಟಗಿದ್ವು, ಅಷ್ಟ.”

ಅವನಿಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿ ಬಂತು.

“ಅಮ್ಮಾ… ಆ ಹುಡುಗ ನಾನೇ. ಬೆಳಿಗ್ಗೆ ಸೀಟು ಕೊಡಲ್ಲ ಅಂದವನೂ ನಾನೇ.”

ನೀಲಗಂಗಾ ಮುಖ ಬಿಗಿದು ಕಿಟಕಿಯ ಕಡೆ ತಿರುಗಿದರು. ಮತ್ತೆ ಇವನತ್ತ ತಿರುಗಿ, ತರಗತಿಯಲ್ಲಿ ಮಾತಾಡುವಂತೆ ಹೇಳಿದರು.

“ಹಂಗಾರ ಹೋಗು. ನನ್ನ ಸೀಟಿನ್ಯಾಗ ಕುಂತು ಅಳತಿ ತಗೋ. ನಾಳೆ ಇನ್ನೊಬ್ಬಾಕಿ ಮಗಳು ನಿನ್ನ ಮಾತು ನಂಬತಾಳ.”

ಉಳಿದ ಆರು ಗಂಟೆ ಅವನು ಮೂರನೇ ಸಾಲಿನಲ್ಲೇ ಕೂತ. ನೆಟ್ಟಗಿದ್ದ ಅವನ ಪಾದವೇ ಆ ಗೂಡಿನಲ್ಲಿ ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಮಾರ್ಗಿಟ್ ಸೂಪ್ ತಂದರು. ನೆಲದ ಮೇಲೆ ಕೂತು ಅವರ ಸ್ಕರ್ಟು ಸುಕ್ಕುಗಟ್ಟಿತ್ತು. “ತಡವಾಯಿತು, ಕ್ಷಮಿಸಿ ಸರ್,” ಎಂದರು.

ಅವನು ಎದ್ದು ನಿಂತು ಕೈ ಮುಗಿದ.

ಬೆಂಗಳೂರಿಗೆ ಬಂದ ವಾರದಲ್ಲೇ ಐದು ವಿಮಾನ ಹೋಲಿಸಿದ್ದ ಆ ಹಳೆಯ ವಿಡಿಯೊ ತೆಗೆದುಹಾಕಿದ. ಹೊಸ ವಿಡಿಯೊ ಶುರುವಾದದ್ದೇ ಹೀಗೆ… “ಹೋದ ವರ್ಷ ನಾನು ನಿಮಗೆ ತಪ್ಪು ಹೇಳಿದ್ದೆ.”

ಅದಕ್ಕೆ ಬಂದ ಮೊದಲ ಕಾಮೆಂಟ್ ಹುಬ್ಬಳ್ಳಿಯಿಂದ. “ಅವ್ವ ಈಗ ಕೋಲು ಹಿಡಿದು ನಡೀತಾಳ ಅಣ್ಣಾ.”

ಅನುಕೂಲದ ಜಾಗದಲ್ಲಿ ಕೂತು ಅಳೆದ ಅಳತೆ, ನೋವಿನಲ್ಲಿರುವವರ ಪಾಲಿಗೆ ಸುಳ್ಳಾಗಬಹುದು.

ಇವತ್ತು ನೀವು ಯಾರ ಬಗ್ಗೆ, ಯಾವುದರ ಬಗ್ಗೆ ತೀರ್ಪು ಕೊಟ್ಟಿರಿ… ಎಲ್ಲಿ ಕೂತು ಕೊಟ್ಟಿರಿ?