ಜನರಲ್ ಗುಂಡಣ್ಣನ ಮೀಸೆ

ಕ್ಷೌರದ ಕತ್ತಿ ಹಿಡಿದು ಬಂದ ವಾರ್ಡ್‌ಬಾಯ್ ಸುರೇಶನನ್ನು ಗುಂಡಣ್ಣ ಬರೀ ನೋಟದಿಂದಲೇ ವಾರ್ಡಿನ ಬಾಗಿಲವರೆಗೆ ಹಿಂದೆ ಸರಿಸಿದ. "ಮೀಸೆ ಮುಟ್ಟಿದ್ರೆ ಕೈ ಇರಲ್ಲ," ಎಂದ. ಮೇಲ್ತುಟಿಯ ಗಂಟನ್ನು ನಾಳೆ ಬೆಳಿಗ್ಗೆ ತೆಗೆಯಬೇಕಿತ್ತು. ಮೀಸೆ ಇದ್ದರೆ ಆಪರೇಷನ್ ಇಲ್ಲ, ತಡಮಾಡಿದರೆ ಗಂಟು ಸುಮ್ಮನಿರುವುದಿಲ್ಲ ಎಂದು ಡಾಕ್ಟರು ಹೇಳಿಹೋಗಿದ್ದರು.

ಅದೇನು ಸಾಮಾನ್ಯ ಮೀಸೆಯೇ? ಹುರಿಗೊಳಿಸಿ ಚಾಚಿದರೆ ಒಂದು ತುದಿ ಮದರಾಸಿನ ಕ್ರೋಂಪೇಟೆಯ ಈ ಆಸ್ಪತ್ರೆಯಲ್ಲಿ, ಇನ್ನೊಂದು ತಾಂಬರಂ ಸ್ಟೇಷನ್ನಿನಲ್ಲಿ. ಕನ್ನಡ ಚಿತ್ರಗಳು ಕೋಡಂಬಾಕ್ಕಂನಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಒಂದು ಚಿತ್ರಕ್ಕೆ ದಕ್ಷಿಣ ಅಮೆರಿಕದ ಸರ್ವಾಧಿಕಾರಿ ಬೇಕಾಗಿದ್ದ. ಭೂಮಂಡಲವನ್ನೆಲ್ಲ ಜರಡಿ ಹಿಡಿದರೂ ಸಿಗದ ಆ ಮುಖ ಸ್ಟುಡಿಯೋ ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಾ ಕೂತಿತ್ತು. ಬಿಳಿ ಕೋಟು, ಭುಜದ ಮೇಲೆ ಚಿನ್ನದ ಕುಚ್ಚು, ಎದೆ ತುಂಬ ಪದಕ. ಗುಂಡಣ್ಣ ಬಾಲ್ಕನಿಗೆ ಬಂದು ಮೀಸೆ ತಿರುವಿದಾಗ ಕೆಳಗಿನ ಜನ "ವೀವಾ ಜನರಲ್" ಎಂದು ಜೈಕಾರ ಹಾಕಿದ ಕೂಗಿಗೆ ಮದರಾಸು ಬಂದರಿನ ಹಡಗುಗಳು ಹೆದರಿ ಲಂಗರು ಕಿತ್ತವಂತೆ. ಆ ಗುಂಪಿನಲ್ಲಿ ದಿನಗೂಲಿಗೆ ಕೂಗಲು ಬಂದಿದ್ದ ಹುಡುಗಿಯೇ ಅನಸೂಯ. ಈಗ ಹೆಂಡತಿಯಾಗಿ ಮಂಚದ ಪಕ್ಕ ಕೂತು ಮೂಸಂಬಿ ಸುಲಿಯುತ್ತಿದ್ದಳು.

"ತಾತಾ, ಅಡಂ ಪಿಡಿಕ್ಕಾದೀಂಗ," ಹಠ ಮಾಡಬೇಡಿ ಎಂದು ಮೊಮ್ಮಗಳು ಪ್ರೇರಣಾ ತಮಿಳಿನಲ್ಲೇ ಗದರಿದಳು. ಸ್ಪ್ಯಾನಿಷ್ ಕಲಿಯುತ್ತಿದ್ದ ಅವಳಿಗೆ ಈ ವಾರ ಇಂಥ ಜನರಲ್‌ಗಳದ್ದೇ ಪಾಠ. "ನಿಮ್ ಥರದವರಿಗೆ ಅಲ್ಲಿ ಕೌದಿಯೋ ಅಂತಾರೆ. ನಾನೇ ದೇಶ ಅಂತ ಕುದುರೆ ಏರಿ ಬರ್ತಾರೆ, ಇಳಿಯೋದೇ ಇಲ್ಲ. ಮೆಕ್ಸಿಕೋದಲ್ಲಿ ಒಬ್ರು, ಯುದ್ಧದಲ್ಲಿ ಕಳಕೊಂಡ ತಮ್ಮದೇ ಕಾಲಿಗೆ ಮಿಲಿಟರಿ ಮರ್ಯಾದೆ ಕೊಡಿಸಿ ಹೂಳಿಸಿದ್ರು."

"ನೋಡು, ಅವನು ಗಂಡಸು. ನನ್ನ ಮೀಸೆಗೆ ಮರೀನಾ ಬೀಚಲ್ಲಿ, ಮುಖ್ಯಮಂತ್ರಿಗಳ ಸಮಾಧಿ ಪಕ್ಕ ಜಾಗ ಕೊಡ್ತಾರಾ ಕೇಳ್ಕೊಂಡು ಬಾ. ಆಮೇಲೆ ಬೋಳಿಸಲಿ."

ಬಾಗಿಲಲ್ಲಿ ನಿಂತಿದ್ದ ಸುರೇಶ ನಕ್ಕ. ಗುಂಡಣ್ಣ ನಗಲಿಲ್ಲ. ಅವನ ದನಿ ಇಳಿದಿತ್ತು. "ಅನಸೂಯಾ, ಸ್ಟುಡಿಯೋ ಹೋಯ್ತು, ಅಲ್ಲಿ ಫ್ಲಾಟ್ ಎದ್ದಿದೆ. ರೀಲೂ ಸುಟ್ಟುಹೋಯ್ತು. ಆ ಜನರಲ್ ಇದ್ದ ಅನ್ನೋದಕ್ಕೆ ಉಳಿದಿರೋದು ಇದೊಂದೇ. ಇದೂ ಹೋದ್ರೆ, ನೀನು ಮೆಚ್ಚಿ ಮದುವೆ ಆದವನು ನಾನೇ ಅಂತ ನಿಂಗೂ ಗುರುತು ಸಿಗಲ್ಲ."

ಅನಸೂಯ ತೊಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಮೀಸೆ ನೋಡಿದವರು ಯಾರು? ನೀವು ಅಷ್ಟು ಮೇಲೆ, ನಾನು ಬಾಲ್ಕನಿ ಬುಡದಲ್ಲಿ. ಕಂಬಿ ಸಂದೀಲಿ ನಿಮ್ಮ ಮಂಡಿ ಕಾಣ್ತಿತ್ತು, ಅಷ್ಟೇ. ಎರಡೂ ಗಡಗಡ ನಡುಗ್ತಿದ್ವು. ಪಾಪ, ಇವರ ಜೊತೇಲಿ ಯಾರಾದ್ರೂ ಇರಬೇಕು ಅನ್ನಿಸ್ತು."

ಗುಂಡಣ್ಣ ಹೊದಿಕೆಯನ್ನು ಮಂಡಿ ಮುಚ್ಚುವಂತೆ ಎಳೆದುಕೊಂಡು, ಸುರೇಶನತ್ತ ಮುಖ ಎತ್ತಿ ಹಿಡಿದ.