ಐವತ್ತು ಸಾವಿರದಲ್ಲಿ ಒಬ್ಬ

ನೂಕುನುಗ್ಗಲಾದ ಆ ಸಭೆಯ ನಂತರ ಸಾಹೇಬರ ಭಾಷಣಕ್ಕೆ ಜನ ಬರುವುದನ್ನೇ ಬಿಟ್ಟಿದ್ದರು. ಯಾರೂ ಸತ್ತಿಲ್ಲವೆಂದು ಹೇಳಿಕೆ ಬರೆದುಕೊಟ್ಟವನು ಅವರ ಆಪ್ತ ಗುರುಪಾದಪ್ಪ. ವೇದಿಕೆಯ ಅಡಿ ಸಿಕ್ಕ ಹೆಣವೊಂದನ್ನು ಪೊಲೀಸರು ಬರುವ ಮೊದಲೇ ಸಾಗಹಾಕಿಸಿದವನೂ ಅವನೇ. ಈಗ ಚುನಾವಣಾ ಪ್ರಚಾರದ ಚಿತ್ರಕ್ಕೆ ಜನಸಾಗರ ಬೇಕಿತ್ತು. ತಯಾರಾಗಿದ್ದನ್ನು ನೋಡಲು ಅವನು ಗ್ರಾಫಿಕ್ಸ್ ಸ್ಟುಡಿಯೋಗೆ ಬಂದಿದ್ದ.

"ಐವತ್ತ ಸಾವಿರ ಮಂದಿ! ಕಂಪ್ಯೂಟರಿಗೆ ಭಾರ ಆಗಂಗಿಲ್ಲೇನವಾ?"

"ಕೂದಲಾ, ಸುಕ್ಕಾ ಎಲ್ಲಾ ಕೂಡಿಸಿ ಮಾಡಿದ್ದು ಒಬ್ಬನ್ನ ಅಷ್ಟರೀ," ಎಂದಳು ಗ್ರಾಫಿಕ್ಸ್ ಮಾಡಿದ ಹುಡುಗಿ. "ಉಳದಾವ್ರೆಲ್ಲಾ ಅವನ ನೆರಳಿದ್ದಂಗ. ಅಂವ ಕೈ ಎತ್ತಿದ್ರ ಎಲ್ಲಾರೂ ಎತ್ತತಾರ."

"ನಮ್ಮ ಕಾರ್ಯಕರ್ತರೂ ಹಿಂಗ ಇದ್ದಿದ್ರ!" ಎಂದು ಗುರುಪಾದಪ್ಪ ನಕ್ಕ. "ಎಲ್ಲಿ, ಆ ಒಬ್ಬನ್ನ ಹತ್ರ ತೋರ್ಸು."

ಪರದೆಯ ತುಂಬ ಒಂದು ಮುಖ ಬಂತು. ಎಡಹುಬ್ಬನ್ನು ಸೀಳಿದ ಹಳೆಯ ಗಾಯದ ಗೆರೆ. ಗುರುಪಾದಪ್ಪನ ನಗು ಅಲ್ಲಿಗೇ ನಿಂತಿತು.

"ಈ ಮುಖ ತಗದಬಿಡು."

"ಯಾಕ್ರಿ? ನಮ್ಮಣ್ಣ ಅಂವ. ನಿಮ್ಮ ಆ ಸಭಾಕ್ಕ ಹ್ವಾದಾಂವ ಇನ್ನೂ ಮನೀಗೆ ಬಂದಿಲ್ಲ. ಊರೂರಿಗೆ ತೋರಸ್ತೀರಲ್ಲ, ಯಾರಾರ ಗುರ್ತು ಹಿಡಿದಾರು ಅಂತ ಹಾಕೇನಿ."

ಗುರುಪಾದಪ್ಪ ಪರದೆಯಿಂದ ಕಣ್ಣು ಹೊರಳಿಸಿದ. ಹುಡುಗಿ ಕುರ್ಚಿ ತಿರುಗಿಸಿ ಅವನ ಮುಖವನ್ನೇ ನೋಡಿದಳು.

"ನಿಮಗ ಗುರ್ತು ಸಿಕ್ತೇನ್ರಿ?"